ಕೋನಿನ ಮೇಲೆ ಅಪ್ಪನ ಕೈ

ಫೆಬ್ರವರಿ 3, ಸೋಮವಾರ

ಹೊಸ ನೋಟ್‌ಬುಕ್. ಮೊದಲ ಪುಟದಲ್ಲೇ ಪ್ರತಿಜ್ಞೆ: ಇದರೊಳಗೆ ಸುಳ್ಳು ಬರೆಯುವುದಿಲ್ಲ, ಇದರ ಹೊರಗೂ ಆಡುವುದಿಲ್ಲ. ಜೆರಾಕ್ಸ್ ಅಂಗಡಿಯ ದಪ್ಪ ಕನ್ನಡಕದ ಹುಡುಗ ಕೊಟ್ಟ ಹದಿನಾರು ಪುಟದ ಕಿರುಹೊತ್ತಗೆಯಲ್ಲಿ ಒಂದು ಮಾತಿದೆ. ಅನ್ಯಾಯ ಕೈಯಿಂದ ಶುರುವಾಗುವುದಿಲ್ಲವಂತೆ, ನಾಲಗೆಯಿಂದ ಶುರುವಾಗುತ್ತದಂತೆ. ಅದರ ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ಪರೀಕ್ಷೆ ಇವತ್ತೇ ಬಂತು. ಕಾರಿಗೆ ಸ್ಪೀಕರ್ ಹಾಕುವ ನಮ್ಮ ಅಂಗಡಿಗೆ ಬಂದ ಗಿರಾಕಿಯೊಬ್ಬ ಗಾಜಿನ ಕಪಾಟಿನಲ್ಲಿದ್ದ ಹನ್ನೆರಡು ಇಂಚಿನ ಸಬ್‌ವೂಫರ್ ತೋರಿಸಿ, "ಇದು ನಿಜವಾಗ್ಲೂ ಎರಡು ಸಾವಿರ ವ್ಯಾಟಾ?" ಎಂದು ಕೇಳಿದ. ಯಜಮಾನ ಫೋನಿನಲ್ಲಿ ಮಾತಾಡುತ್ತಿದ್ದ. ನಾನು ಹಿಂದಿನ ಶೆಡ್ಡಿನಿಂದ ಅಂಟು ಮೆತ್ತಿದ ಕೈಯಲ್ಲೇ ಮುಂದೆ ಬಂದೆ.

"ಅದು ಸ್ಟಿಕ್ಕರ್ ಮೇಲಿನ ವ್ಯಾಟು. ಸ್ಟಿಕ್ಕರ್ ಮೇಲೆ ಹತ್ತು ಸಾವಿರ ಅಂತ್ಲೂ ಬರೀಬಹುದು. ನೀವು ಕೇಳಬೇಕಾಗಿರೋದು ಕೋನ್ ಎಷ್ಟು ಓಡುತ್ತೆ ಅಂತ."

ಎರಡು ಹೆಬ್ಬೆರಳಿಟ್ಟು ಕೋನನ್ನು, ಅಂದರೆ ಸ್ಪೀಕರಿನ ನಡುವಿನ ಕಾಗದದ ಬಟ್ಟಲನ್ನು, ಒತ್ತಿ ತೋರಿಸಿದೆ. ಐದು ಮಿಲಿಮೀಟರ್ ಹೋಗಿ ನಿಂತಿತು. ತಗ್ಗು ದನಿ ಬೇಕಾದರೆ ಕಾರಿನೊಳಗಿನ ಗಾಳಿಯನ್ನೇ ತಳ್ಳಬೇಕು. ಅಷ್ಟು ಗಾಳಿ ತಳ್ಳಬೇಕಾದರೆ ಕೋನ್ ಹಿಂದೆ ಮುಂದೆ ದೂರ ಓಡಬೇಕು. ಓಡಲು ಜಾಗವಿಲ್ಲದ ಕೋನಿಗೆ ಎಷ್ಟು ಕರೆಂಟ್ ಕೊಟ್ಟರೂ ಅದರ ಹಿಂದಿನ ತಂತಿಸುರುಳಿ ಕಬ್ಬಿಣಕ್ಕೆ ಹೋಗಿ ಬಡಿಯುತ್ತದೆ, ಅಷ್ಟೇ. ಇದನ್ನೆಲ್ಲ ಬಿಡಿಸಿ ಹೇಳಿದೆ. ಅವನು "ಥ್ಯಾಂಕ್ಸ್ ಸಿಸ್ಟರ್" ಎಂದು ಎದುರಿನ ಅಂಗಡಿಗೆ ಹೋಗಿ ಅದೇ ಕಂಪನಿಯ ಅದೇ ಡಬ್ಬಿ ಕೊಂಡ.

ಯಜಮಾನ ಫೋನಿಟ್ಟು ನನ್ನ ಮುಂದೆ ಕೈಮುಗಿದ. "ಏನಮ್ಮಾ ಕ್ರಾಂತಿ, ನಮ್ಮ ಅಂಗಡಿಗೆ ಬೀಗ ಯಾವತ್ತು ಹಾಕಿಸ್ತೀಯ? ಮುಂಚೇನೇ ಹೇಳಿಬಿಡು, ಒಳ್ಳೇ ಬೀಗ ತಂದಿಡ್ತೀನಿ." ಆಮೇಲೆ ಶೆಡ್ಡಿನ ಕಡೆ ತಿರುಗಿ, "ಮೇಸ್ತ್ರಿ, ನಿಮ್ಮ ಮಗಳ ಬಾಯಿಗೂ ಒಂದು ವಾಲ್ಯೂಮ್ ಹಾಕಿಸಿ!" ಎಂದ.

ಮೇಸ್ತ್ರಿ ಎಂದರೆ ನನ್ನ ಅಪ್ಪ. ಇಪ್ಪತ್ತಮೂರು ವರ್ಷದಿಂದ ಇಲ್ಲಿ ಪೆಟ್ಟಿಗೆ ಕೊಯ್ದು, ವೂಫರ್ ಕೂರಿಸಿ, ಸದ್ದು ಹೊಂದಿಸುವವನು ಅವನೇ. ನಾನು ಸೇರಿ ನಾಲ್ಕು ತಿಂಗಳು. ಪೆಟ್ಟಿಗೆಗೆ ಕಾರ್ಪೆಟ್ ಅಂಟಿಸುವುದು, ವೈರ್ ಎಳೆಯುವುದು ನನ್ನ ಕೆಲಸ. ಮಗಳಿಗೆ ಹಾಗೆ ಅಂದದ್ದಕ್ಕೆ ಅಪ್ಪ ಏನು ಮಾಡಿದ? ತಲೆಯೆತ್ತಿ ಯಜಮಾನನ ಮುಖ ನೋಡಿ, ನಕ್ಕು, "ಆಯ್ತು ಸಾರ್" ಅಂದ. ಅವಮಾನಕ್ಕೂ ನಗುವಷ್ಟು ಬಗ್ಗಿದ್ದಾನೆ. ದಾಸ್ಯ ಎಲುಬಿಗೆ ಇಳಿಯುವುದೆಂದರೆ ಇದೇ.

ಫೆಬ್ರವರಿ 6, ಗುರುವಾರ

ಅಪ್ಪ ಇವತ್ತು ಪಾಠ ಹೇಳಿದ. ಅಪರೂಪ.

ಗಾಳಿಬಾಯಿ ಇರುವ ಪೆಟ್ಟಿಗೆಗೆ ವೂಫರ್ ಕೂರಿಸಿದ್ದೆವು. ಆ ಬಾಯಿಯ ಮುಂದೆ ನನ್ನ ಕರವಸ್ತ್ರ ಹಿಡಿಸಿ, ನನ್ನ ಇನ್ನೊಂದು ಕೈಯ ಬೆರಳುಗಳನ್ನು ಕೋನಿನ ಅಂಚಿಗೆ ಇಡಿಸಿ, ಒಂದೊಂದೇ ದನಿಯನ್ನು ಮೇಲಿನಿಂದ ಕೆಳಗೆ ಇಳಿಸುತ್ತ ಬಂದ. ಸೆಕೆಂಡಿಗೆ ಮೂವತ್ತನಾಲ್ಕು ಕಂಪನಕ್ಕೆ ಬಂದಾಗ ಶೆಡ್ಡಿನ ತಗಡೆಲ್ಲ ನಡುಗಿತು, ಕರವಸ್ತ್ರ ಬಾವುಟದ ಹಾಗೆ ಹಾರಿತು. ಆದರೆ ಬೆರಳ ಕೆಳಗಿನ ಕೋನ್ ಹೆಚ್ಚುಕಡಿಮೆ ನಿಂತೇಬಿಟ್ಟಿತ್ತು! ಇನ್ನೂ ಕೆಳಗೆ, ಇಪ್ಪತ್ತಕ್ಕೆ ಇಳಿದಾಗ ಸದ್ದೇ ಇಲ್ಲ, ಕೋನ್ ಮಾತ್ರ ಹಿಡಿದ ಹಕ್ಕಿಯಂತೆ ಪಟಪಟ ಒದ್ದಾಡಿತು.

"ನೋಡಿದ್ಯಾ?" ಅಂದ ಅಪ್ಪ. "ಹೆಚ್ಚು ಅಲ್ಲಾಡೋದು ಹೆಚ್ಚು ಹಾಡೋದಲ್ಲ ಮಗಳೇ. ಮೂವತ್ತನಾಲ್ಕರಲ್ಲಿ ಪೆಟ್ಟಿಗೆಯೊಳಗಿನ ಗಾಳಿ ಕೋನನ್ನ ಹಿಡ್ಕೊಂಡಿರುತ್ತೆ, ಹಾಡೋದು ಆ ಬಾಯಿ. ಅದಕ್ಕಿಂತ ಕೆಳಗಿಳಿದ್ರೆ ಹಿಡ್ಕೊಳ್ಳೋರು ಯಾರೂ ಇಲ್ಲ. ಕೋನ್ ದಿಕ್ಕಿಲ್ಲದೆ ಓಡುತ್ತೆ, ಓಡಿ ಓಡಿ ಸಾಯುತ್ತೆ."

ಅದಕ್ಕೇ ಆಂಪ್ಲಿಫೈಯರಿನಲ್ಲಿ ಸ್ಕ್ರೂಡ್ರೈವರಿನಿಂದ ತಿರುಗಿಸುವ ಒಂದು ಸಣ್ಣ ತಿರುಪು ಇದೆ. ತೀರಾ ತಗ್ಗಿನ ದನಿಗಳನ್ನು ಕೋನಿನ ಹತ್ತಿರ ಬಿಡದೆ ತಡೆಯುತ್ತದೆ. ಅಪ್ಪ ಅದನ್ನು ಬೇಲಿ ಎನ್ನುತ್ತಾನೆ. ಬೇಲಿ ತೀರಾ ಕೆಳಗಿದ್ದರೆ ವೂಫರ್ ಸಾಯುತ್ತದೆ, ತೀರಾ ಮೇಲಿದ್ದರೆ ಹಾಡು ಸಾಯುತ್ತದೆ.

ನಾನು ಎಂದಿನಂತೆ ಕಿವಿಗೆ ಹತ್ತಿ ಇಟ್ಟುಕೊಂಡಿದ್ದೆ. ಶಬ್ದದ ಬಗ್ಗೆ ಓದಿದ ಹೊತ್ತಗೆಯಲ್ಲಿ ಹಾಗೆ ಹೇಳಿದೆ. ಅಪ್ಪನಿಗೂ ಒಂದು ತುಂಡು ಚಾಚಿದೆ. "ಕಿವಿ ಮುಚ್ಕೊಂಡು ಸದ್ದು ಹೊಂದಿಸೋದು, ಕಣ್ಣು ಕಟ್ಕೊಂಡು ಹೆಣ್ಣು ನೋಡೋಕೆ ಹೋದ ಹಾಗೆ" ಎಂದು ನಕ್ಕುಬಿಟ್ಟ.

ಒಂದು ಸಮಾಧಾನ. ನಾನು ದುಡಿಯುವವರ ಹಕ್ಕಿನ ಬಗ್ಗೆ ಮಾತಾಡುವಾಗ ಅಪ್ಪ ಈಚೆಗೆ ನನ್ನ ಬಾಯನ್ನೇ ನೋಡುತ್ತ ಕೂರುತ್ತಾನೆ. ಮಾತು ನಾಟುತ್ತಿರಬೇಕು.

ಫೆಬ್ರವರಿ 9, ಭಾನುವಾರ

ಜೆರಾಕ್ಸ್ ಅಂಗಡಿಯಲ್ಲಿ ನಮ್ಮ ಓದುಕೂಟ. ನಾನು, ದಪ್ಪ ಕನ್ನಡಕ, ಅವನ ತಂಗಿ. ಮೂರೇ ಜನ, ಆದರೆ ಬೀಜಕ್ಕೆ ಗಾತ್ರವಿಲ್ಲ. ಮುಂದಿನ ತಿಂಗಳು ತರಕಾರಿ ಮಾರುಕಟ್ಟೆಯ ಹಿಂದಿನ ಬಯಲಿನಲ್ಲಿ ಕಾರುಗಳ ಸದ್ದಿನ ಪಂದ್ಯ. ಅಲ್ಲಿ ಹಂಚಲು ದೊಡ್ಡ ಸದ್ದಿನ ಅಪಾಯದ ಬಗ್ಗೆ ಕರಪತ್ರ ಬರೆಯುವ ಹೊಣೆ ನನ್ನದು. ಐನೂರು ಪ್ರತಿ. ಹಿಂಬದಿ ಖಾಲಿ ಬಿಡೋಣ, ಕಡಿಮೆಗೆ ಆಗುತ್ತದೆ ಎಂದ ಅವನು.

ಮನೆಗೆ ಬಂದರೆ ಟಿವಿ ಬೀದಿಗೆಲ್ಲ ಕೇಳುವಷ್ಟು ಜೋರು. ಅಮ್ಮ ಕಾರಿನ ಸೀಟು ಕವರ್ ಹೊಲಿಯುತ್ತ, ಮಿಷನ್ನಿನ ಮೇಲಿಂದಲೇ ಕೂಗುತ್ತಿದ್ದಳು: "ರೀ, ಸ್ವಲ್ಪ ಕಮ್ಮಿ ಮಾಡ್ರೀ! ಇವರಿಗೆ ಹೇಳೋದೂ ಒಂದೇ, ಕಿವುಡನ ಮುಂದೆ ಕಿನ್ನರಿ ಬಾರಿಸೋದೂ ಒಂದೇ." ಇಬ್ಬರೂ ನಕ್ಕೆವು. ಅಪ್ಪನೂ ನಮ್ಮನ್ನು ನೋಡಿ ನಕ್ಕ.

ಫೆಬ್ರವರಿ 14, ಶುಕ್ರವಾರ

ಯಜಮಾನ ಶೆಡ್ಡಿಗೆ ಬಂದು ಸ್ಟೂಲ್ ಎಳೆದುಕೊಂಡು ಕೂತ. ಅವನು ಕೂತನೆಂದರೆ ಕೆಟ್ಟ ಸುದ್ದಿ. ಪಂದ್ಯ ಮಾರ್ಚ್ ಹದಿನಾರಕ್ಕೆ. ಈ ಸಲ ಗೆಲ್ಲದಿದ್ದರೆ ಸದ್ದು ಹೊಂದಿಸುವ ಕೆಲಸಕ್ಕೆ ಲ್ಯಾಪ್‌ಟಾಪಿನವನನ್ನು ತರುತ್ತಾನಂತೆ. ಅವನು ಎದುರಿನ ಬೀದಿಯ ಅಂಗಡಿಯಲ್ಲಿ ಕಾರಿನೊಳಗೆ ಮೈಕ್ ಇಟ್ಟು, ಪರದೆಯ ಮೇಲೆ ಗೆರೆ ನೋಡಿ ಹೊಂದಿಸುವ ಆಸಾಮಿ.

"ನಿಮ್ಮನ್ನ ಕಳಿಸಲ್ಲ ಮೇಸ್ತ್ರಿ, ತಪ್ಪು ತಿಳೀಬೇಡಿ. ಮಗಳ ಜೊತೆ ಕಾರ್ಪೆಟ್ ಅಂಟಿಸ್ಕೊಂಡು ಇರಿ."

ಅಪ್ಪ ಆ ಬಯಲಿನಲ್ಲಿ ಮೂರು ಸಲ ಗೆದ್ದಿದ್ದಾನೆ. ಶೆಡ್ಡಿನಲ್ಲಿ ಅವನದೆಂದು ಇರುವುದು ಗೋಡೆಯ ಆ ಮೂರು ಫಲಕ, ಒಂದು ಸ್ಟೂಲ್, ಒಂದು ಸಣ್ಣ ಸ್ಕ್ರೂಡ್ರೈವರ್. "ಆಯ್ತು ಸಾರ್" ಅಂದ. ಯಜಮಾನ ಹೋದ ಮೇಲೆ ನನ್ನ ಕಡೆ ತಿರುಗಿ, "ಕೊನೇಲಿ ಏನಂದ?" ಎಂದು ಕೇಳಿದ. ಕೇಳಿಸಿಕೊಳ್ಳಲೂ ಮನಸ್ಸಿಲ್ಲ ಇವನಿಗೆ! ಸಿಟ್ಟಿನಲ್ಲಿ, "ನಿನ್ನನ್ನ ಕಾರ್ಪೆಟ್ಟಿಗೆ ಹಾಕ್ತಾನಂತೆ" ಅಂದೆ. ಅಪ್ಪ ತುಂಬ ಹೊತ್ತು ಸ್ಕ್ರೂಡ್ರೈವರ್ ಒರೆಸಿದ.

ಈ ಪಂದ್ಯವನ್ನೇ ನಿಲ್ಲಿಸಬೇಕೆನ್ನುವವಳು ನಾನು. ಅಪ್ಪ ಗೆಲ್ಲಲಿ ಎಂದು ಒಳಗೊಳಗೇ ಅನ್ನಿಸಿದ್ದನ್ನೂ ಇಲ್ಲಿ ಬರೆದಿಡುತ್ತೇನೆ, ಪ್ರತಿಜ್ಞೆ ಇದೆಯಲ್ಲ.

ಫೆಬ್ರವರಿ 22, ಶನಿವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ.

ಮಧ್ಯಾಹ್ನ ವೈರ್ ತರಲು ಹೋಗಿದ್ದೆ. ವಾಪಸು ಬರುವಾಗ ಅಂಗಡಿಯ ಬಾಗಿಲಲ್ಲೇ ಆ ಶಬ್ದ ಕೇಳಿಸಿತು. ಠಕ್, ಠಕ್, ಠಕ್. ನನ್ನ ಕಿವಿಯ ಹತ್ತಿಯನ್ನೂ ದಾಟಿ ಬಂತು. ಪಂದ್ಯದ ಕಾರಿನ ಡಿಕ್ಕಿ ತೆರೆದಿತ್ತು. ಅಪ್ಪ ಅದರ ಮುಂದೆ ಮಂಡಿಯೂರಿ, ಒಂದು ಕೈಯಲ್ಲಿ ಸ್ಕ್ರೂಡ್ರೈವರ್, ಇನ್ನೊಂದು ಅಂಗೈ ಕೋನಿನ ಮೇಲೆ. ಕೋನ್ ಹೊರಗೆ ಚಿಮ್ಮಿ ಒಳಗೆ ಹೋಗುವಾಗೆಲ್ಲ ಸುರುಳಿ ಕಬ್ಬಿಣಕ್ಕೆ ಬಡಿಯುತ್ತಿತ್ತು. ಸುತ್ತಿಗೆಯಲ್ಲಿ ಹೊಡೆದ ಹಾಗೆ. ಅಪ್ಪನ ಮುಖದಲ್ಲಿ ನಗು.

"ಅಪ್ಪಾ!" ಎಂದು ಕೂಗಿದೆ. ತಿರುಗಲಿಲ್ಲ. ಹತ್ತಿರ ಹೋಗಿ ಬೆನ್ನ ಹಿಂದೆಯೇ ನಿಂತು ಕಿರುಚಿದೆ. ಬೇಲಿಯ ತಿರುಪನ್ನು ಇನ್ನೂ ಕೆಳಗೆ ಇಳಿಸಿದ. ಸುಟ್ಟ ಅಂಟಿನ ವಾಸನೆ ಬಂತು. ನಾನು ಬ್ಯಾಟರಿಯ ವೈರ್ ಕಿತ್ತೆ.

ಕೋನ್ ನಿಂತ ಮೇಲೆಯೇ ಅಪ್ಪ ತಿರುಗಿದ್ದು. "ಯಾಕೆ ತೆಗೆದೆ? ಎಷ್ಟು ಚೆನ್ನಾಗಿ ಉಸಿರಾಡ್ತಿತ್ತು!"

ನಾನು ಬರಿದೇ ತುಟಿ ಅಲ್ಲಾಡಿಸಿದೆ, ದನಿ ಹೊರಡಿಸಲಿಲ್ಲ. "ಯಾವಾಗಿನಿಂದ ಕೇಳಿಸ್ತಿಲ್ಲ?"

ಅಪ್ಪ ನನ್ನ ತುಟಿ ಓದಿದ. ಆಮೇಲೆ ನೆಲ ನೋಡಿದ. "ಎರಡು ವರ್ಷ ಆಯ್ತು. ಮೊದಲು ಬಲಗಿವಿ."

ಕಿವಿ ಹೋದ ಮೇಲೆ ಕೈಯಿಂದ ಕೇಳಿಸಿಕೊಳ್ಳುತ್ತಿದ್ದಾನೆ. ಕೈಗೆ ಎಲ್ಲಿ ಹೆಚ್ಚು ಒದೆತ ಸಿಕ್ಕಿತೋ ಅಲ್ಲೇ ಹೆಚ್ಚು ಸದ್ದು ಎಂದುಕೊಂಡುಬಿಟ್ಟಿದ್ದಾನೆ. ನನಗೆ ಹದಿನೈದು ದಿನದ ಹಿಂದೆ ಕಲಿಸಿದ್ದನ್ನೇ ತಾನು ತಲೆಕೆಳಗು ಮಾಡಿದ. ತಿಳಿಯದೆ ಅಲ್ಲ. ಕತ್ತಲೆಯಲ್ಲಿ ನಡೆಯುವವನು ಕೈಗೆ ಸಿಕ್ಕಿದ್ದನ್ನೇ ಗೋಡೆ ಅಂದುಕೊಳ್ಳುತ್ತಾನಲ್ಲ, ಹಾಗೆ.

ಯಜಮಾನ ವಾಸನೆ ಹಿಡಿದು ಓಡಿ ಬಂದ. "ಯಾರು ಸುಟ್ಟಿದ್ದು?"

"ನಾನು" ಅಂದೆ. "ಬೇಲಿ ಇಳಿಸಿಬಿಟ್ಟೆ. ಗೊತ್ತಾಗಲಿಲ್ಲ."

"ಅವತ್ತು ಗಿರಾಕಿ ಮುಂದೆ ಕೋನಿನ ಪುರಾಣ ಓದಿದ್ದು ನೀನೇ ತಾನೇ? ಈಗ ನೋಡು, ಪುರಾಣ ಹೇಳೋರು ಬದನೆಕಾಯಿ ತಿಂದ್ರು! ಇನ್ನು ಈ ಕಾರಿನ ತಿರುಪು ಮುಟ್ಟಿದ್ರೆ ಕೈ ಮುರೀತೀನಿ."

ಇದು ಸುಳ್ಳಲ್ಲ, ತಂತ್ರ. ಎದುರಾಳಿಗೆ ನಮ್ಮ ದುರ್ಬಲ ಜಾಗ ತೋರಿಸಬಾರದೆಂದು ಇನ್ನೊಂದು ಹೊತ್ತಗೆಯಲ್ಲಿದೆ.

ಫೆಬ್ರವರಿ 23, ಭಾನುವಾರ

ಯಜಮಾನನ ಬೈಗುಳಕ್ಕೆ ಅಪ್ಪ ನಕ್ಕದ್ದು. ನನ್ನ ಬಾಯಿ ನೋಡುತ್ತ ಕೂತದ್ದು. ಟಿವಿ. "ಕೊನೇಲಿ ಏನಂದ?"

ನಾನು ಬರೆದದ್ದನ್ನೆಲ್ಲ ಮತ್ತೆ ಓದಿದೆ. ಹರಿದು ಹಾಕೋಣವೆನ್ನಿಸಿತು, ಹಾಕಲಿಲ್ಲ.

ಫೆಬ್ರವರಿ 27, ಗುರುವಾರ

ಕಿವಿ ಡಾಕ್ಟರ ಹತ್ತಿರ ಹೋಗಿದ್ದೆವು. ಅಮ್ಮನೂ ಬಂದಿದ್ದಳು. ಅಪ್ಪನನ್ನು ಗಾಜಿನ ಸಣ್ಣ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಬಟನ್ ಕೊಟ್ಟರು. ಶಬ್ದ ಕೇಳಿಸಿದಾಗ ಒತ್ತಬೇಕು. ನಾವು ಹೊರಗೆ ಕೂತು ಗಾಜಿನಿಂದ ನೋಡುತ್ತಿದ್ದೆವು. ಅಪ್ಪ ಪರೀಕ್ಷೆಗೆ ಕೂತ ಶಾಲೆಯ ಹುಡುಗನಂತೆ ಬೆನ್ನು ನೆಟ್ಟಗೆ ಮಾಡಿ ಕಾಯುತ್ತಿದ್ದ. ಡಾಕ್ಟರು ಒಂದಾದ ಮೇಲೊಂದು ಕೀಲಿ ಒತ್ತುತ್ತಲೇ ಇದ್ದರು. ಅಪ್ಪ ಕಾಯುತ್ತಲೇ ಇದ್ದ. ಕೊನೆಗೆ ಡಾಕ್ಟರ ಮುಖ ನೋಡಿ ಅಂದಾಜಿನಲ್ಲಿ ಒಂದು ಸಲ ಒತ್ತಿದ. ಆಗ ಅವರು ಏನೂ ಹಾಕಿರಲಿಲ್ಲ.

ನರ ಹೋಗಿದೆ, ಹೋದದ್ದು ಬರುವುದಿಲ್ಲ. ಯಂತ್ರ ಹಾಕಿದರೆ ಮಾತು ಅಷ್ಟಿಷ್ಟು ತಿಳಿಯಬಹುದು. ಉಳಿದಿರುವಷ್ಟು ಉಳಿಯಬೇಕಾದರೆ ದೊಡ್ಡ ಸದ್ದಿನಿಂದ ದೂರ ಇರಬೇಕು. "ಏನು ಕೆಲಸ ಮಾಡ್ತಾರೆ?" ಎಂದು ಕೇಳಿದರು. ಅಮ್ಮ ಹೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟರು.

ಹೊರಗೆ ಬಂದ ಮೇಲೆ ಅಮ್ಮ, "ಕಿವುಡ ಅಂತ ನಾನೇ ಅಂದೆನಲ್ಲೇ" ಎಂದು ಸೆರಗಿನಲ್ಲಿ ಬಾಯಿ ಒತ್ತಿಕೊಂಡಳು.

ನಾನು ಅಪ್ಪನನ್ನು ಬಸ್‌ಸ್ಟಾಪಿನ ಬೆಂಚಿನ ಮೇಲೆ ಕೂರಿಸಿ ಹೇಳಿದೆ, ಬಿಡಿಸಿ ಬಿಡಿಸಿ, ತುಟಿ ಕಾಣುವಂತೆ. ಇದು ನಿನ್ನ ಹಣೆಬರಹ ಅಲ್ಲ, ಕೆಲಸದಲ್ಲಾದ ಗಾಯ. ಯಜಮಾನ ಹೊಣೆ. ನಾವು ಬರೆಯೋಣ, ಕೇಳೋಣ, ನಿನ್ನ ಹೆಸರು ಹಾಕೋಣ. ಅಪ್ಪ ಎಲ್ಲವನ್ನೂ ಓದಿಕೊಂಡ.

"ನನ್ನ ಕಿವೀನ ಕರಪತ್ರ ಮಾಡ್ಬೇಡ ಮಗಳೇ."

"ಹಾಗಾದ್ರೆ ಯಂತ್ರನಾದ್ರೂ ಹಾಕ್ಕೋ."

"ಸದ್ದು ಹೊಂದಿಸೋನು ಕಿವಿಗೆ ಯಂತ್ರ ಹಾಕ್ಕೊಂಡು ಹೋದ್ರೆ, ಕುಂಟ ಓಟ ಕಲಿಸೋಕೆ ಬಂದ ಅಂತಾರೆ. ಪಂದ್ಯ ಮುಗೀಲಿ."

"ಪಂದ್ಯ ಮುಗಿಯೋಷ್ಟರಲ್ಲಿ ಉಳಿದಿದ್ದೂ ಹೋಗುತ್ತಲ್ಲಪ್ಪಾ!"

ಬಸ್ ಬಂತು. ಅದರ ಹಾರನ್ನಿಗೆ ಬೆಂಚಿನಲ್ಲಿದ್ದವರೆಲ್ಲ ಬೆಚ್ಚಿದರು. ಅಪ್ಪ ಮಾತ್ರ ನನ್ನ ತುಟಿಯಿಂದ ಇನ್ನೇನಾದರೂ ಬರುತ್ತದೋ ಎಂದು ಕಾಯುತ್ತಿದ್ದ.

ಮಾರ್ಚ್ 2, ಭಾನುವಾರ

ಕರಪತ್ರದ ಕಟ್ಟು ಬಂದಿದೆ. ಐನೂರು. ಅಕ್ಷರ ಚೆನ್ನಾಗಿ ಮೂಡಿದೆ. ದಪ್ಪ ಕನ್ನಡಕನಿಗೆ ಅಪ್ಪನ ವಿಷಯ ಹೇಳಿದೆ, ಹೇಳಬಾರದಿತ್ತು. ಅವನು ಎದ್ದು ನಿಂತೇಬಿಟ್ಟ. "ಇದೇ ಬೇಕಾಗಿತ್ತು! ಇದಕ್ಕಿಂತ ಸಾಕ್ಷಿ ಎಲ್ಲಿ ಸಿಗುತ್ತೆ? ಫೋಟೋ ತಗೋ, ಹಿಂದ್ಗಡೆ ಖಾಲಿ ಇದ್ಯಲ್ಲ, ಅಲ್ಲಿ ಹಾಕೋಣ."

ಒಂದು ತಿಂಗಳ ಹಿಂದಿನ ನಾನಾಗಿದ್ದರೆ ನಾನೇ ಈ ಮಾತು ಆಡುತ್ತಿದ್ದೆ. "ಅವನು ನಿನ್ನ ಸಾಕ್ಷಿ ಅಲ್ಲ, ನನ್ನಪ್ಪ" ಅಂದೆ. ಕಟ್ಟು ಎತ್ತಿಕೊಂಡು ಬಂದೆ. ಯಾಕಷ್ಟು ಸಿಟ್ಟು ಬಂತೋ ತಿಳಿಯದು. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಕಟ್ಟು ಮಂಚದ ಕೆಳಗಿದೆ.

ಮಾರ್ಚ್ 5, ಬುಧವಾರ

ಏನು ಮಾಡಬೇಕೆಂದು ಯಾವ ಹೊತ್ತಗೆಯಲ್ಲೂ ಇಲ್ಲ.

ಮಾರ್ಚ್ 8, ಶನಿವಾರ

ಹೊಸ ವೂಫರ್ ಕೂರಿಸಿಯಾಗಿದೆ. ಅಪ್ಪ ದಿನಾ ಅದರ ಮುಂದೆ ಮಂಡಿಯೂರುತ್ತಾನೆ, ಅಂಗೈ ಇಡುತ್ತಾನೆ, ಬೇಲಿ ತಿರುಗಿಸುತ್ತಾನೆ. ಈಗ ಹುಷಾರಾಗಿದ್ದಾನೆ, ಸಣ್ಣ ಸದ್ದಿನಲ್ಲೇ ಹೊಂದಿಸುತ್ತಾನೆ. ಆದರೂ ಒಂದು ದಿನ ತೀರಾ ಕೆಳಗೆ, ಒಂದು ದಿನ ತೀರಾ ಮೇಲೆ. ನಾನು ಪಕ್ಕದಲ್ಲಿ ಕೂತು ಭುಜ ತಟ್ಟಿ ಸನ್ನೆ ಮಾಡುತ್ತೇನೆ ಎಂದೆ. "ಕೈ ಇದ್ಯಲ್ಲ, ಸಾಕು" ಅಂದ. ಮುಖ ಬೇರೆ ಕಡೆ ತಿರುಗಿಸಿದ. ಮುಖ ತಿರುಗಿಸಿದರೆ ಅಪ್ಪನ ಹತ್ತಿರ ಮಾತು ಮುಗಿದಂತೆ.

ಆದ್ದರಿಂದ ಸಂಜೆ ಅವನು ಕೈ ತೊಳೆಯಲು ಹಿತ್ತಲ ನಲ್ಲಿಗೆ ಹೋದಾಗ ನಾನು ಡಿಕ್ಕಿಗೆ ಬಗ್ಗಿ ತಿರುಪನ್ನು ಸರಿಯಾದ ಜಾಗಕ್ಕೆ ತರುತ್ತೇನೆ. ಸಿಗುವುದು ಮೂರು ನಿಮಿಷ. ಠಕ್ ಎನ್ನುವುದರ ಶುರು ತೀರಾ ಸಣ್ಣ ಶಬ್ದ, ಉಗುರಿನಲ್ಲಿ ಮೇಜು ಕುಟ್ಟಿದಷ್ಟು. ಹತ್ತಿ ಇದ್ದರೆ ತಿಳಿಯುವುದಿಲ್ಲ. ಅದಕ್ಕೇ ತೆಗೆದಿಟ್ಟಿದ್ದೇನೆ. ವಾಲ್ಯೂಮ್ ಪೂರ್ತಿ ಏರಿಸಿ, ತಲೆಯನ್ನು ಡಿಕ್ಕಿಯೊಳಗೆ ಹಾಕಿ ಕೇಳಬೇಕು.

ಅಪ್ಪನಿಗೆ ಹೇಳಿಲ್ಲ. ಹೇಳದಿರುವುದೂ ಸುಳ್ಳೂ ಒಂದೇ ಅಲ್ಲ.

ಮಾರ್ಚ್ 13, ಗುರುವಾರ

ಮನೆಯಲ್ಲಿ ಬರೆದು ತೋರಿಸುವುದು ಶುರುವಾಗಿದೆ. ಅಮ್ಮನಿಗೆ ಕೂಗಿ ಕೂಗಿ ಗಂಟಲು ಕಟ್ಟಿತ್ತು. ಹಾಳೆ ಹುಡುಕಿದೆ, ಸಿಗಲಿಲ್ಲ. ಮಂಚದ ಕೆಳಗಿನ ಕಟ್ಟು ಬಿಚ್ಚಿ ಹತ್ತು ಕರಪತ್ರ ಕೊಟ್ಟೆ, ಹಿಂಬದಿ ಖಾಲಿ ಇದೆಯಲ್ಲ. ಅಮ್ಮನ ಮೊದಲ ಬರಹ: "ಚಪ್ಪಲಿ ಹೊರಗೆ ಬಿಡಿ." ಅಪ್ಪ ಓದಿ, "ಇಪ್ಪತ್ತೈದು ವರ್ಷ ಬಾಯಲ್ಲಿ ಹೇಳಿದ್ದಕ್ಕಿಂತ ಅಕ್ಷರ ದುಂಡಗಿದೆ" ಅಂದ. ತುಂಬ ದಿನಗಳ ಮೇಲೆ ಮೂವರೂ ನಕ್ಕೆವು.

ಸಂಜೆಯೆಲ್ಲ ಕಿವಿಯಲ್ಲಿ ಸಣ್ಣಗೆ ಸಿಳ್ಳೆ. ನಿದ್ದೆ ಸಾಲದು.

ಮಾರ್ಚ್ 16, ಭಾನುವಾರ

ಇದನ್ನು ಸರಿಯಾಗಿ, ಕ್ರಮವಾಗಿ ಬರೆಯಬೇಕು.

ಬಯಲಿನಲ್ಲಿ ಹನ್ನೊಂದು ಕಾರು. ಹಗ್ಗದ ಆಚೆ ಜನ. ನನ್ನ ಚೀಲದಲ್ಲಿ ಐವತ್ತು ಕರಪತ್ರ ಇದ್ದವು, ತೆಗೆಯಲಿಲ್ಲ. ದಪ್ಪ ಕನ್ನಡಕ ಆ ತುದಿಯಲ್ಲಿ ಅದೇ ಕರಪತ್ರದ ಜೆರಾಕ್ಸ್ ಹಂಚುತ್ತಿದ್ದ. ನನ್ನನ್ನು ನೋಡಿ ನೋಡದಂತಿದ್ದ.

ಪಂದ್ಯದಲ್ಲಿ ಎರಡು ಸುತ್ತು. ಮೊದಲು ಒಂದೇ ದನಿ, ಗಾಜಿಗೆ ಅಂಟಿಸಿದ ಮೀಟರ್ ಎಷ್ಟು ತೋರಿಸುತ್ತದೋ ಅಷ್ಟು ಅಂಕ. ಅದರಲ್ಲಿ ನಮ್ಮ ಕಾರು ಎರಡನೆಯದು. ಮೊದಲನೆಯದು ಲ್ಯಾಪ್‌ಟಾಪಿನವನದು. ಎರಡನೆಯ ಸುತ್ತಿಗೆ ಒಂದು ಹಾಡು. ಯಾವುದೆಂದು ಅಲ್ಲೇ ಹೇಳುತ್ತಾರೆ, ಹೊಂದಿಸಿಕೊಳ್ಳಲು ಎರಡು ನಿಮಿಷ ಕೊಡುತ್ತಾರೆ, ದನಿ ಒಡೆದರೆ ಅಂಕ ಕತ್ತರಿ. ಈ ಸಲ ಕೊಟ್ಟ ಹಾಡಿನಲ್ಲಿ ನಾವು ಎಣಿಸಿರದಷ್ಟು ತಗ್ಗಿನ ದನಿಗಳಿದ್ದವು. ನಾನು ನಿನ್ನೆ ತಂದಿಟ್ಟ ಬೇಲಿ ಸಾಲದು ಎಂದು ಕೂಡಲೇ ತಿಳಿಯಿತು. ಕಾರಿನ ಹತ್ತಿರ ಒಬ್ಬರಿಗೇ ಅವಕಾಶ. ನಾನು ಹಗ್ಗದ ಈಚೆ, ಹತ್ತು ಹೆಜ್ಜೆ ದೂರ. ಕೂಗಿದರೆ ಊರಿಗೆಲ್ಲ ಕೇಳುತ್ತದೆ, ಅಪ್ಪನೊಬ್ಬನಿಗೆ ಬಿಟ್ಟು.

ಅಪ್ಪ ಡಿಕ್ಕಿಯ ಪಕ್ಕ ಮಂಡಿಯೂರಿದ, ಜನರ ಕಡೆ ಮುಖ. ಅಂಗೈ ಕೋನಿನ ಮೇಲೆ. ಹಾಡು ಶುರುವಾಯಿತು. ತಗ್ಗಿನ ದನಿ ಬಂದಾಗ ಸಣ್ಣಗೆ, ಠಕ್. ನಾನು ಕಣ್ಣು ಮುಚ್ಚಿಕೊಂಡೆ.

ಕಣ್ಣು ಬಿಟ್ಟಾಗ ಅಪ್ಪ ನನ್ನನ್ನೇ ನೋಡುತ್ತಿದ್ದ.

ಸ್ಕ್ರೂಡ್ರೈವರ್ ಒಂದು ಕೂದಲೆಳೆ ತಿರುಗಿತು. ಮತ್ತೆ ಠಕ್, ಇನ್ನೂ ಸಣ್ಣಗೆ. ನನ್ನ ತುಟಿ ಅಲುಗಿರಬೇಕು. ಮತ್ತೊಂದು ಕೂದಲೆಳೆ. ಠಕ್ ನಿಂತಿತು. ಇನ್ನೂ ತಿರುಗಿಸಿದ, ಹಾಡು ಪೊಳ್ಳಾಯಿತು, ನನಗೆ ಅಯ್ಯೋ ಅನ್ನಿಸಿತು. ಅನ್ನಿಸುವಷ್ಟರಲ್ಲೇ ಅಪ್ಪ ಹಿಂದಕ್ಕೆ ತಂದಿದ್ದ. ಆಗ ನೋಡಿದೆ, ಅವನ ಎಡಗೈ ಕೋನಿನ ಮೇಲೆ ಇರಲಿಲ್ಲ. ಯಾವಾಗ ತೆಗೆದನೋ, ಸುಮ್ಮನೆ ತೊಡೆಯ ಮೇಲಿತ್ತು. ಅಪ್ಪ ನನ್ನ ಮುಖವೊಂದನ್ನೇ ನೋಡಿ ಹೊಂದಿಸುತ್ತಿದ್ದ. ನಾಲಗೆಗೆ ಸುಳ್ಳು ಕಲಿಸಿಬಿಟ್ಟಿದ್ದೇನೆ, ಮುಖಕ್ಕೆ ಇನ್ನೂ ಕಲಿಸಿಲ್ಲ.

ಲ್ಯಾಪ್‌ಟಾಪಿನವನ ಕಾರಿನ ದನಿ ಹಾಡಿನ ಅರ್ಧದಲ್ಲಿ ಒಡೆಯಿತು. ನಾವು ಗೆದ್ದೆವು.

ಯಜಮಾನ ಅಪ್ಪನನ್ನು ತಬ್ಬಿಕೊಂಡು ಕಿವಿಯ ಹತ್ತಿರವೇ ಏನೋ ಕಿರುಚಿದ. ಅಪ್ಪ ಅವನ ತುಟಿ ಕಾಣದೆ, ಅಂದಾಜಿನಲ್ಲಿ "ಆಯ್ತು ಸಾರ್" ಅಂದ.

ಮನೆಗೆ ಬರುವಾಗ ಅಪ್ಪ ಹೇಳಿದ: "ದಿನಾ ನೀನು ಬೇಲಿ ತಿರುಗಿಸ್ತಿದ್ದೆ ಅಲ್ವಾ? ತಿರುಪಿನ ಪಕ್ಕ ನಾನು ಚಾಕ್‌ಪೀಸಲ್ಲಿ ಚುಕ್ಕೆ ಇಟ್ಟಿದ್ದೆ." ಆಮೇಲೆ ಸೇರಿಸಿದ: "ನೀನು ಎರಡು ಕೂದಲು ಜಾಸ್ತಿ ತಿರುಗಿಸ್ತೀಯ. ಹೆದರಿಕೆ ನಿನಗೆ."

ಮಾರ್ಚ್ 17, ಸೋಮವಾರ

ಗೆದ್ದದ್ದು ಎಂದರೆ ಏನೆಂದು ಇವತ್ತು ಬೆಳಿಗ್ಗೆ ತಿಳಿಯಿತು. ಹದಿನೈದು ಇಂಚಿನ ಎರಡು ವೂಫರ್ ತರಿಸಿದ್ದಾನೆ ಯಜಮಾನ. ಶೆಡ್ಡಿನ ತಗಡು ಒಂದು ಕಡೆ ಬಿಟ್ಟುಕೊಂಡಿದೆ, ಅದಕ್ಕೊಂದು ಆಣಿ ಹೊಡೆಸಿದ. ಅಪ್ಪ ಅದೇ ಸ್ಟೂಲಿನ ಮೇಲೆ.

ಸೋತಿದ್ದರೆ ಕಾರ್ಪೆಟ್ ಅಂಟಿಸಿಕೊಂಡು ಇರುತ್ತಿದ್ದ. ಉಳಿದದ್ದು ಉಳಿಯುತ್ತಿತ್ತು. ಅದನ್ನು ನಾನು ಈಗ ಯೋಚಿಸುತ್ತಿದ್ದೇನೆ.

ಮಾರ್ಚ್ 24, ಸೋಮವಾರ

ಅಂಗಡಿಯಲ್ಲಿ ಜನವೋ ಜನ. ಒಬ್ಬ ಬಂದು ಕಪಾಟು ತೋರಿಸಿ, "ಇದು ನಿಜವಾಗ್ಲೂ ಎರಡು ಸಾವಿರ ವ್ಯಾಟಾ?" ಎಂದು ಕೇಳಿದ. "ಡಬ್ಬಿ ಮೇಲೆ ಹಾಗೇ ಇದೆ ನೋಡಿ" ಎಂದು ಹೇಳಿ ಒಳಗೆ ಹೋದೆ, ಅಪ್ಪ ಕಾಯುತ್ತಿದ್ದ.

ಈಗ ಮುಚ್ಚುಮರೆ ಇಲ್ಲ. ನಾನು ಡಿಕ್ಕಿಯ ಪಕ್ಕ ಕೂರುತ್ತೇನೆ, ಅಪ್ಪ ನನ್ನ ಮುಖ ನೋಡಿ ತಿರುಗಿಸುತ್ತಾನೆ. ದಿನಕ್ಕೆ ಐದು ಕಾರು, ಆರು ಕಾರು. ಯಜಮಾನ ಬಂದು ನೋಡಿ, "ಏನು ಕ್ರಾಂತಿ, ಅಪ್ಪನ ಮುಂದೆ ಕನ್ನಡಿ ಹಾಗೆ ಕೂತಿದ್ದೀಯಲ್ಲ!" ಅಂದ. "ಕಲೀತಿದ್ದೀನಿ ಸಾರ್" ಅಂದೆ.

ಸಂಜೆ ಟೀ ಕುಡಿಯುವಾಗ ಅಪ್ಪ ಜೇಬಿನಿಂದ ಅಮ್ಮನ ಚೀಟಿ ತೆಗೆದ. ಸೋಪು, ದಾರ, ಬಲ್ಬು. ಅದನ್ನು ಮಡಿಚಿಡುವ ಮುಂಚೆ ಮೊದಲ ಸಲ ತಿರುವಿ, ಅಚ್ಚಾದ ಬದಿಯನ್ನು ಓದತೊಡಗಿದ. ಬೆರಳಿಟ್ಟು, ಸಾಲು ಸಾಲಾಗಿ, ಕೊನೆಯವರೆಗೂ. ದೊಡ್ಡ ಸದ್ದಿನಲ್ಲಿ ದಿನಕ್ಕೆ ಎಷ್ಟು ನಿಮಿಷ ಇರಬಹುದು, ಅದನ್ನು ಮೀರಿದರೆ ಏನಾಗುತ್ತದೆ, ಮೊದಲು ಯಾವ ದನಿಗಳು ಹೋಗುತ್ತವೆ ಎಂದೆಲ್ಲ ನಾನು ಬರೆದದ್ದು.

"ಚೆನ್ನಾಗಿ ಬರೆದಿದ್ದೀಯ" ಅಂದ. "ಇದನ್ನ ಇಪ್ಪತ್ತು ವರ್ಷದ ಹಿಂದೆ ಯಾರಾದ್ರೂ ಕೊಟ್ಟಿದ್ದಿದ್ರೆ."

ನಾನು ತುಟಿ ಅಲ್ಲಾಡಿಸಿದೆ. "ಆಗ ನನಗೆ ಎರಡು ವರ್ಷ, ಅಪ್ಪ."

"ಹೌದಲ್ಲ. ಆಗ ನಿನಗೆ ಓದೋಕೂ ಬರ್ತಿರಲಿಲ್ಲ." ನಕ್ಕ. ಲೋಟ ಕೆಳಗಿಟ್ಟು, ಹದಿನೈದು ಇಂಚಿನದಕ್ಕೆ ಕರೆಂಟ್ ಕೊಟ್ಟ. ಕೋನ್ ಉಬ್ಬಿ ಇಳಿಯಿತು. ಅಪ್ಪ ತಲೆಯೆತ್ತಿ ನನ್ನ ಮುಖ ನೋಡಿದ. ನಾನು ಡಿಕ್ಕಿಯೊಳಗೆ ಇನ್ನೂ ಸ್ವಲ್ಪ ಬಗ್ಗಿದೆ. ಈ ಹೊಸದರಲ್ಲಿ ಠಕ್ ಶುರುವಾಗುವುದು ಬೇಗ ತಿಳಿಯುವುದಿಲ್ಲ, ಹತ್ತಿರ ಹೋಗಬೇಕು.

ಮನೆಗೆ ಬಂದಾಗಿನಿಂದ ಬರೆಯುತ್ತ ಕೂತಿದ್ದೇನೆ. ಅಮ್ಮ ಇದೀಗ ಬಂದು ಎದುರಿಗೆ ನಿಂತು, ನನ್ನ ಮುಖವನ್ನು ಒಂದು ಥರಾ ನೋಡಿ, ಒಂದು ಕರಪತ್ರವನ್ನು ಹಿಂಬದಿ ಮೇಲಾಗಿ ಈ ಪುಟದ ಮೇಲಿಟ್ಟಳು. "ನಾಲ್ಕು ಸಲ ಕರೆದೆ. ಊಟಕ್ಕೆ ಬಾ."

ಅಮ್ಮನಿಗೆ ಈಗ ಎಲ್ಲರಿಗೂ ಬರೆದೇ ಹೇಳುವುದು ಅಭ್ಯಾಸವಾಗಿಬಿಟ್ಟಿದೆ.